ದೊರೆಸಾನಿಯ ಮೂಗು

ಓಣಿಯ ತಿರುವಿನಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿಸಿದ ಕೂಡಲೇ ವಿತೋಮಿರ್ ಕೈಯಲ್ಲಿದ್ದ ಕಾಫಿ ಬಟ್ಟಲನ್ನು ಕಿಟಕಿ ಕಟ್ಟೆಯ ಮೇಲಿಟ್ಟ. ಸೋಮವಾರ ಬೆಳಗ್ಗೆ ಅವನ ಮನೆಯತ್ತ ಟ್ರ್ಯಾಕ್ಟರ್ ಬರಲು ಒಂದೇ ಕಾರಣ. ಮೂಲೆಯಲ್ಲಿದ್ದ ಸಂತ ನಿಕೊಲಾನ ಪಟದ ಕಡೆ ತಿರುಗಿ, "ಬೇಡಪ್ಪಾ, ಮತ್ತೆ ಬೇಡ," ಎಂದು ಗಟ್ಟಿಯಾಗಿಯೇ ಹೇಳಿದ. ಮನೆಯಲ್ಲಿ ಕೇಳಿಸಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಸಂತ ನಿಕೊಲಾ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಟ್ರ್ಯಾಕ್ಟರ್ ಗೇಟಿನ ಮುಂದೆಯೇ ನಿಂತಿತು. ಅದರ ಹಿಂದೆ ಹಗ್ಗ ಕಟ್ಟಿಸಿಕೊಂಡು, ದಾರಿಯಲ್ಲಿ ಜಾರಿ ಬಿದ್ದ ದೊಡ್ಡ ಮನೆಯ ಹೆಂಗಸಿನಂತೆ, ಕಪ್ಪಗೆ, ಉದ್ದಕ್ಕೆ, ಹೊಳೆಯುತ್ತ ಬಂದಿತ್ತು ದೊರೆಸಾನಿ. ಊರಿನವರು ಆ ಕಾರಿಗೆ ಇಟ್ಟ ಹೆಸರೇ ಅದು. ಹಳೆಯ ಯುಗೋಸ್ಲಾವಿಯಾದ ಕಾಲದಲ್ಲಿ ಯಾವನೋ ರಾಯಭಾರಿ ಜರ್ಮನಿಯಿಂದ ತರಿಸಿದ್ದ ಗಾಡಿ. ತೊಗಲಿನ ಸೀಟು, ಮರದ ಡ್ಯಾಶ್‌ಬೋರ್ಡು, ಹಿಂದಿನ ಬಾಗಿಲಲ್ಲಿ ಸಿಗಾರ್ ಆರಿಸಲು ಬೆಳ್ಳಿಯ ಪುಟ್ಟ ಪೆಟ್ಟಿಗೆ. ಈಗ ಅದು ಊರಿನ ಹೋಟೆಲು ನಡೆಸುವ ರಾದಿಸಾವ್‌ನದು. ಮೊರಾವಾ ನದಿಯ ಈ ದಡದಲ್ಲಿ ಮದುವೆಯಾಗುವ ಹುಡುಗಿಯರೆಲ್ಲ ಚರ್ಚಿಗೆ ಹೋಗುವುದು ಅದರಲ್ಲೇ.

"ಕುದೀತು!" ರಾದಿಸಾವ್ ಇಳಿಯುವ ಮೊದಲೇ ಕೂಗಿದ. ಹೊಟ್ಟೆ ಸ್ಟೀರಿಂಗಿಗೆ ತಾಗುತ್ತಿದ್ದುದರಿಂದ ಇಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಿತ್ತು.

"ಎಲ್ಲಿ?"

"ಎಲ್ಲಿ ಅಂದ್ರೆ? ಎಲ್ಲಿ ಮಾನ ಹೋಗ್ಬೇಕೋ ಅಲ್ಲೇ. ಚರ್ಚಿನ ಏರು ಶುರುವಾಗುತ್ತಲ್ಲ, ಆ ಜಾಗದಲ್ಲಿ. ಹುಡುಗಿ ಚಪ್ಪಲಿ ಕೈಲಿ ಹಿಡ್ಕೊಂಡು ಧೂಳಲ್ಲಿ ಹತ್ತಿದ್ಲು. ಅವಳ ಅತ್ತೆ ನನ್ನ ಕಡೆ ನೋಡಿದ ನೋಟ ಇದ್ಯಲ್ಲ ಕೂಮ, ಅದಕ್ಕೆ ನಾನೇ ಕುದ್ದು ಹೋದೆ."

"ಹೊಸ ವಾಟರ್ ಪಂಪ್ ಹಾಕಿದ್ದೀನಿ. ಕುದಿಯೋಕೆ ಸಾಧ್ಯನೇ ಇಲ್ಲ."

"ಹಾಗಂತ ದೊರೆಸಾನಿಗೆ ಹೇಳು. ಅದಕ್ಕೆ ಗೊತ್ತಿಲ್ಲ, ಪಾಪ."

ರಾದಿಸಾವ್‌ನ ಮಗಳು ನೇವೆಂಕಾ ಕೂಸಾಗಿದ್ದಾಗ ಅವಳ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು ವಿತೋಮಿರ್‌ನ ಹೆಂಡತಿ ಸ್ತಮೇನಾ. ಆವತ್ತಿನಿಂದ ಎರಡು ಮನೆಯವರೂ ಒಬ್ಬರನ್ನೊಬ್ಬರು ಕರೆಯುವುದು 'ಕೂಮ' ಎಂದೇ. ಆ ನಂಟು ಒಡಹುಟ್ಟಿದವರ ನಂಟಿಗಿಂತ ಬಿಗಿ. ಬೈದಾಡಬಹುದು, ಮುನಿಸಿಕೊಳ್ಳಬಹುದು, ಬಿಟ್ಟು ಹೋಗುವ ಹಾಗಿಲ್ಲ. ಇಬ್ಬರೂ ಈ ಬೇಸಿಗೆಯಿಡೀ ಮೊದಲಿನ ಎರಡನ್ನೂ ಧಾರಾಳವಾಗಿ ಮಾಡಿದ್ದರು.

ವಿತೋಮಿರ್ ಬಾನೆಟ್ ಎತ್ತಿದ. ಒಳಗೆಲ್ಲ ತಣ್ಣಗಿತ್ತು. ಹೋಸ್ ಪೈಪುಗಳನ್ನು ಹಿಂಡಿ ನೋಡಿದ, ಬೆಲ್ಟಿನ ಬಿಗಿ ನೋಡಿದ, ಡಿಪ್‌ಸ್ಟಿಕ್ ಎಳೆದು ಎಣ್ಣೆಯಲ್ಲಿ ನೀರು ಸೇರಿದೆಯೇ ಎಂದು ಬೆರಳಲ್ಲಿ ತಿಕ್ಕಿ ನೋಡಿದ. ಎಣ್ಣೆ ಜೇನಿನಷ್ಟು ಶುದ್ಧವಾಗಿತ್ತು. ನೀರು ತುಂಬಿಸಿ ಎಂಜಿನ್ ಚಾಲೂ ಮಾಡಿದ. ದೊರೆಸಾನಿ ಗಂಟಲು ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಮೆಲ್ಲಗೆ ಗುನುಗತೊಡಗಿತು. ಅವನು ಅದನ್ನು ಚರ್ಚಿನ ಏರು ಹತ್ತಿಸಿದ, ಇಳಿಸಿದ, ಮತ್ತೆ ಹತ್ತಿಸಿದ. ಬಂದು ಅಂಗಳದ ಉರಿಬಿಸಿಲಲ್ಲಿ ನಿಲ್ಲಿಸಿ, ಊಟದ ಹೊತ್ತು ಮೀರುವವರೆಗೂ ಎಂಜಿನ್ ಆರಿಸದೆ ಬಿಟ್ಟ. ಶಾಖದ ಮುಳ್ಳು ಎಲ್ಲಿರಬೇಕೋ ಅಲ್ಲಿಗೆ ಬಂದು, ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತು.

"ನೋಡಿದ್ಯಾ?" ಎಂದ ವಿತೋಮಿರ್.

"ನೋಡಿದೆ. ಹೋದ ವಾರನೂ ನೋಡಿದ್ದೆ. ನಿನ್ನ ಅಂಗಳದಲ್ಲಿ ಇದು ಸನ್ಯಾಸಿನಿ. ಭಾನುವಾರ ಬಂದ್ರೆ ದೆವ್ವ ಹಿಡಿಯುತ್ತೆ."

ಬಸ್ ಡಿಪೋದಲ್ಲಿ ಆಯುಷ್ಯವೆಲ್ಲ ಕಳೆದವನು ವಿತೋಮಿರ್. ಮಾತು ಕಡಿಮೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಏನಾಗಿದೆಯೋ ಒಂದೇ ಮಾತಲ್ಲಿ ಹೇಳುತ್ತಿದ್ದ. ಆ ಮಾತು ತಪ್ಪಾದದ್ದನ್ನು ಡಿಪೋದಲ್ಲಿ ಯಾರೂ ಕಂಡಿರಲಿಲ್ಲ. ನಿವೃತ್ತನಾದ ಮೇಲೆ ಮನೆಯ ಹಿಂದಿನ ಕೊಟ್ಟಿಗೆಯಲ್ಲೇ ಕೆಲಸ. ಎಂಜಿನ್ ಮಾತ್ರ ಅವನಿಗೆ ಅರ್ಥವಾಗುತ್ತಿತ್ತು. ಊರಿನ ಹಬ್ಬ, ಮದುವೆ, ಯಾರ ಮನೆಗೆ ಏನು ಒಯ್ಯಬೇಕು, ಯಾರಿಗೆ ಏನು ಹೇಳಬಾರದು, ಅದೆಲ್ಲ ಸ್ತಮೇನಾಳ ಪಾಲಿಗೆ ಬಿಟ್ಟಿದ್ದು. ಅವಳು ಮಗ್ಗದಲ್ಲಿ ನೇಯುವವಳು. ಮದುವೆಯಲ್ಲಿ ಗಾಡಿಗೆ, ನೆಂಟರ ಹೆಗಲಿಗೆ ಕಟ್ಟುವ ಕೆಂಪಂಚಿನ ಉದ್ದ ವಸ್ತ್ರಗಳು ಆ ಕಡೆ ಹೆಚ್ಚಾಗಿ ಅವಳ ಕೈಯವೇ. ಮದುವೆ ಇದ್ದ ದಿನ ಬೆಳಗಾಗುವ ಮೊದಲೇ ಎದ್ದು ಹೋಗಿಬಿಡುತ್ತಿದ್ದಳು. ಅಲ್ಲಿ ಏನು ಮಾಡುತ್ತಾಳೆಂದು ಅವನು ಒಂದು ದಿನವೂ ಕೇಳಿರಲಿಲ್ಲ. ಕೊನೆಗೆ ಊಟದ ಪಂಕ್ತಿಗೆ ಹೋಗಿ ಕೂರುತ್ತಿದ್ದ, ಹುರಿದ ಹಂದಿಮಾಂಸ ತಿನ್ನುತ್ತಿದ್ದ, ಅವಳ ಜೊತೆ ಮನೆಗೆ ಬರುತ್ತಿದ್ದ.

ಹೋದ ಚಳಿಗಾಲ ಅವಳು ತೀರಿಕೊಂಡಳು.

ವರ್ಷ ತುಂಬುವವರೆಗೆ ಅವನ ಮೈಮೇಲೆ ಕಪ್ಪು ಅಂಗಿ. ರೇಡಿಯೋದ ಮೇಲೆ ಬಟ್ಟೆ ಹೊದಿಸಿಟ್ಟಿದ್ದ. ಸಾವಾದ ಮನೆಯವರು ಮದುವೆಗೆ ಕಾಲಿಡುವಂತಿಲ್ಲ, ಮದುವೆಯೂ ಆ ಮನೆಯ ಮುಂದೆ ಹಾಯುವಂತಿಲ್ಲ. ಊರಿನವರು ಅದನ್ನು ಬಾಯಿಬಿಟ್ಟು ಹೇಳದೆಯೇ ನಡೆಸುತ್ತಿದ್ದರು. ದಿಬ್ಬಣಗಳು ಅವನ ಓಣಿ ಬಿಟ್ಟು ಗಿರಣಿಯ ದಾರಿಯಲ್ಲಿ ಸುತ್ತಿ ಹೋಗುತ್ತಿದ್ದವು. ರಾದಿಸಾವ್ ಕೂಡ ದೊರೆಸಾನಿಯನ್ನು ರಿಪೇರಿಗೆ ತರುವ ಮೊದಲು ಹೂವು, ರಿಬ್ಬನ್ನು, ವಸ್ತ್ರ ಎಲ್ಲ ಬಿಚ್ಚಿಸಿ, ತೊಳೆಸಿ, ವೈಪರಿನ ಸಂದಿಯಲ್ಲಿ ಒಂದು ಎಸಳೂ ಉಳಿಯದಂತೆ ನೋಡಿಕೊಂಡು ತರುತ್ತಿದ್ದ. ಬೈಗುಳ ಎಷ್ಟಿದ್ದರೂ ಆ ಮರ್ಯಾದೆಯನ್ನು ಅವನು ಒಮ್ಮೆಯೂ ತಪ್ಪಿರಲಿಲ್ಲ.

ಈಸ್ಟರ್ ಕಳೆದು ಮದುವೆಗಳು ಶುರುವಾದಾಗ ಮೊದಲ ಸಲ ಕಾರು ಕುದಿದದ್ದು. ವಿತೋಮಿರ್ ನಕ್ಕು ರೇಡಿಯೇಟರಿನ ಮುಚ್ಚಳ ಬದಲಿಸಿದ್ದ. ಎರಡನೆಯ ಸಲ, ಶಾಖ ಏರಿದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಬಿಚ್ಚಿ, ಸ್ತಮೇನಾ ಹುರುಳಿಕಾಯಿ ಬೇಯಿಸುತ್ತಿದ್ದ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ದಾರ ಕಟ್ಟಿ ಇಳಿಬಿಟ್ಟು, ಸರಿಯಾಗಿ ಬಾಯಿ ತೆರೆಯುತ್ತದೆಯೇ ಎಂದು ಕೂತು ನೋಡಿದ. ತೆರೆಯಿತು. ಆದರೂ ಹೊಸದು ಹಾಕಿದ. ಮತ್ತೆ ಕುದಿಯಿತು. ರೇಡಿಯೇಟರ್ ಇಳಿಸಿ ವಿನಿಗರ್ ಹಾಕಿ ತೊಳೆದ. ಸಣ್ಣದೊಂದು ಮೀನಿನ ಬಲೆ ಹೊಲಿಯುವಷ್ಟು ತಾಳ್ಮೆಯಿಂದ ಅದರ ಬಾಗಿದ ತಗಡಿನ ರೆಕ್ಕೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದ. ಹೆಡ್ ಗ್ಯಾಸ್ಕೆಟ್ ಹೋಗಿ ಎಂಜಿನ್ನಿನ ಹೊಗೆ ನೀರಿಗೆ ನುಗ್ಗುತ್ತಿರಬಹುದೆಂದು ನೀರಿನಲ್ಲಿ ಗುಳ್ಳೆ ಏಳುವುದನ್ನು ಕಾದ. ಒಂದು ಗುಳ್ಳೆಯೂ ಏಳಲಿಲ್ಲ. ಕೊನೆಗೆ ಬೆಲ್‌ಗ್ರೇಡಿನ ಗುಜರಿ ಅಂಗಡಿಗಳಲ್ಲಿ ಹುಡುಕಿಸಿ ಆ ವಾಟರ್ ಪಂಪ್.

ಊರಿಗೆಲ್ಲ ಈಗ ಅದೇ ಮಾತು. ರಾದಿಸಾವ್‌ನ ಹೋಟೆಲಿನಲ್ಲಿ ಕೂತು ಪ್ಲಮ್ ಬ್ರಾಂಡಿ ಕುಡಿಯುವ ಪ್ರತಿಯೊಬ್ಬನೂ ಮೆಕ್ಯಾನಿಕ್ಕನಾಗಿದ್ದ. ಒಬ್ಬ ಪೆಟ್ರೋಲ್ ಕಳಪೆ ಎಂದ. ಇನ್ನೊಬ್ಬ ನೀರಿನಲ್ಲಿ ಸುಣ್ಣ ಜಾಸ್ತಿ ಎಂದ. ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡು ಎಂದ ಮೂರನೆಯವನ ಮೇಲೆ ವಿತೋಮಿರ್ ಟೋಪಿ ಎಸೆದು ಎದ್ದು ಬಂದಿದ್ದ.

ಇದೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ಬರುವ ಭಾನುವಾರ ನೇವೆಂಕಾಳ ಮದುವೆ. ಅದರ ಹಿಂದೆಯೇ ದೇವಮಾತೆಯ ಉಪವಾಸ ಶುರುವಾಗುತ್ತಿತ್ತು, ಉಪವಾಸದಲ್ಲಿ ಪಾದ್ರಿ ಮದುವೆ ಮಾಡಿಸುವುದಿಲ್ಲ. ಮುಂದೂಡುವ ಮಾತೇ ಇಲ್ಲ. ಹಾಸಿಗೆ ಹಿಡಿದ ಮೇಲೂ ಸ್ತಮೇನಾ ಮಗ್ಗವನ್ನು ಮಂಚದ ಪಕ್ಕಕ್ಕೆ ಎಳೆಸಿಕೊಂಡು ಧರ್ಮಮಗಳ ಮದುವೆಗೆಂದು ಒಂದು ವಸ್ತ್ರ ನೇಯ್ದು ಮುಗಿಸಿದ್ದಳು. "ವಸ್ತ್ರ ನಂದಾಯ್ತು. ಗಾಡಿ ನಿಂದು," ಎಂದಿದ್ದಳು. "ನಮ್ಮ ಹುಡುಗಿ ದೊರೆಸಾನೀಲೇ ಚರ್ಚಿಗೆ ಹೋಗ್ಬೇಕು. ನಡೆಸ್ಬೇಡ ಅವಳನ್ನ." ವಿತೋಮಿರ್ ತಲೆಯಾಡಿಸಿದ್ದ. ಗಾಡಿಯ ವಿಷಯದಲ್ಲಿ ತಾನು ಸೋಲಬಹುದೆಂದು ಆಗ ಅವನಿಗೆ ಹೊಳೆದೇ ಇರಲಿಲ್ಲ.

"ನಗರದಿಂದ ಬಿಳೀ ಕಾರು ತರಿಸ್ತೀನಿ," ಎಂದ ರಾದಿಸಾವ್ ಈಗ, ದೊರೆಸಾನಿಯ ಚಕ್ರಕ್ಕೆ ಬೂಟಿನಿಂದ ತಟ್ಟುತ್ತ. "ಉದ್ದ ಇರುತ್ತಲ್ಲ, ಒಳಗೆ ಲೈಟು ಮಿನುಗ್ತಾ ಇರುತ್ತಲ್ಲ, ಅದು."

"ನೇವೆಂಕಾ ಏನಂತಾಳೆ?"

"ಅದರೊಳಗೆ ನೀನೇ ಕೂತ್ಕೊಂಡು ಹೋಗಪ್ಪಾ, ನಾನು ನಡೀತೀನಿ ಅಂತಾಳೆ. ಅವಳ ಧರ್ಮತಾಯಿಗೆ ಮಾತು ಕೊಟ್ಟಿದ್ದಾಳಂತೆ. ನಿಮ್ಮ ಮನೆಯವರು ನನ್ನ ಮಗಳಿಗೆ ಕಲಿಸಿದ್ದು ಹಟ ಒಂದೇ."

ವಿತೋಮಿರ್ ಬಾನೆಟ್ಟನ್ನು ಧಡಾರನೆ ಮುಚ್ಚಿದ. "ನೀನು ಏನೋ ಮಾಡ್ತಾ ಇದ್ದೀಯ. ಗಾಡಿ ಸರಿ ಇದೆ. ಓಡಿಸೋನೇ ಸರಿ ಇಲ್ಲ. ಮದುವೇಲಿ ಏನೇನು ಮಾಡ್ತೀಯ ಹೇಳು. ಒಂದೂ ಬಿಡದೆ."

"ಏನ್ ಮಾಡ್ತೀನಿ? ಹಾರ್ನ್ ಹೊಡೀತೀನಿ. ಬಸವನಹುಳದ ಹಾಗೆ ಹೋಗ್ತೀನಿ. ಗೇಟಿಗೊಬ್ಬ ಬಾಟ್ಲಿ ಹಿಡ್ಕೊಂಡು ನಿಂತಿರ್ತಾನೆ, ನಿಲ್ಲಿಸ್ತೀನಿ. ಹಿಂದಿನ ಸೀಟಲ್ಲಿ ಮೂರು ದಪ್ಪ ಹೆಂಗಸರು. ಮುಂದಿನ ಸೀಟಲ್ಲಿ ಅಕಾರ್ಡಿಯನ್ ಬಾರಿಸೋ ಝಿವೋತಾ. ಇನ್ನೇನು?"

"ಸರಿ. ಹಾಗೇ ಮಾಡೋಣ. ನಾಳೆ."

ಮರುದಿನ ಆ ಊರು ಹಿಂದೆಂದೂ ಕಾಣದ ಮದುವೆಯೊಂದನ್ನು ಕಂಡಿತು. ಮದುಮಗಳಿಲ್ಲ, ಮದುಮಗನಿಲ್ಲ, ಹೂವಿಲ್ಲ, ಹಾಡಿಲ್ಲ. ಹಿಂದಿನ ಸೀಟಿನಲ್ಲಿ ರಾದಿಸಾವ್‌ನ ಹೆಂಡತಿ ಕೊಸಾರಾ, ಅವಳ ಅತ್ತಿಗೆ, ಹೋಟೆಲಿನ ಅಡುಗೆಯವಳು ಒತ್ತಿಕೊಂಡು ಕೂತರು. ಮುಂದೆ ಝಿವೋತಾ ಅಕಾರ್ಡಿಯನ್ ತಂದಿದ್ದ, ಆದರೆ ಕಪ್ಪಂಗಿಯವನ ಎದುರು ಬಾರಿಸಲಾರದೆ ಮುಚ್ಚಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸಾವಿನ ಮನೆಗೆ ಬಂದವನಂತೆ ಮುಖ ಮಾಡಿದ್ದ. ವಿತೋಮಿರ್ ಡಿಕ್ಕಿಯಲ್ಲಿ ಎರಡು ಮೂಟೆ ಹಿಟ್ಟು ಹಾಕಿಸಿ, ತಾನು ಝಿವೋತಾನ ಪಕ್ಕ ಮುದುಡಿ ಕೂತು ಶಾಖದ ಮುಳ್ಳಿನಿಂದ ಕಣ್ಣು ಕೀಳಲಿಲ್ಲ.

"ಹಾರ್ನ್," ಎನ್ನುತ್ತಿದ್ದ ಆಗಾಗ. ರಾದಿಸಾವ್ ಹೊಡೆಯುತ್ತಿದ್ದ. "ನಿಲ್ಲಿಸು. ಕುಡಿಯೋ ಹಾಗೆ ಮಾಡು."

"ಮಾಡೋದೇನು, ಕೊಟ್ರೆ ಕುಡೀತೀನಿ."

"ಇದೇನು ಹುಚ್ಚು ಕೂಮ," ಎಂದು ಕೊಸಾರಾ ಹಿಂದಿನಿಂದ ಬೀಸಣಿಗೆ ಬೀಸಿಕೊಳ್ಳುತ್ತ ಗೊಣಗಿದಳು. "ಜನ ಕಿಟಕೀಲಿ ನಿಂತು ನಗ್ತಾ ಇದ್ದಾರೆ. ಒಂದು ಹೂವಾದ್ರೂ ಕಟ್ಟಿದ್ರೆ ನೋಡೋಕಾದ್ರೂ ಚೆನ್ನಾಗಿರ್ತಿತ್ತು."

"ನಿಂಗೆ ಬುದ್ಧಿ ಇದೆಯಾ?" ರಾದಿಸಾವ್ ಗದರಿದ. "ಕೂಮನ್ನ ಕೂರಿಸ್ಕೊಂಡು ಹೂ ಕಟ್ತಾರಾ?"

ಕೊಸಾರಾ ನಾಲಿಗೆ ಕಚ್ಚಿಕೊಂಡು ಶಿಲುಬೆಯ ಗುರುತು ಮಾಡಿಕೊಂಡಳು. ವಿತೋಮಿರ್ ಕೇಳಿಸಿಕೊಳ್ಳದವನಂತೆ ಮುಳ್ಳನ್ನೇ ನೋಡುತ್ತಿದ್ದ. ಗಿರಣಿ ದಾಟಿತು, ಏರು ಬಂತು, ಚರ್ಚು ಬಂತು. ಮುಳ್ಳು ಕದಲಲಿಲ್ಲ. ಇಳಿದು ಬರುವಾಗಲೂ ಕದಲಲಿಲ್ಲ. ಅಂಗಳಕ್ಕೆ ಬಂದು ಎಂಜಿನ್ ಆರಿಸಿದಾಗ ಎಲ್ಲರ ಮುಖವೂ ಇಳಿದಿತ್ತು. ಕುದಿಯಲಿಲ್ಲವೆಂದು ಅಷ್ಟು ಜನ ಒಟ್ಟಿಗೆ ಬೇಸರಪಟ್ಟದ್ದು ಬಹುಶಃ ಅದೇ ಮೊದಲು.

"ನಾನೊಂದು ಮಾತು ಹೇಳ್ಲಾ?" ಎಂದಳು ಕೊಸಾರಾ, ಇಳಿದು ಲಂಗ ಸರಿಮಾಡಿಕೊಳ್ಳುತ್ತ. "ಊರಲ್ಲಿ ಎಲ್ರೂ ಹೇಳೋದೇ. ಸ್ತಮೇನಾ ಹೋದ ಮೇಲೇ ಇದು ಶುರುವಾಗಿದ್ದು. ಅವಳಿದ್ದಾಗ ಒಂದು ದಿನ ಕುದಿದಿತ್ತಾ? ದೊರೆಸಾನಿಗೂ ದುಃಖ ಇದೆ ಕೂಮ. ಮದುವೆ ಅಂದ್ರೆ ಅದಕ್ಕೂ ತಡೆಯಲ್ಲ."

"ಕಬ್ಬಿಣಕ್ಕೆ ಎಂಥ ದುಃಖ!" ವಿತೋಮಿರ್ ಎಷ್ಟು ಜೋರಾಗಿ ಕೂಗಿದನೆಂದರೆ ಬೇಲಿಯ ಮೇಲಿದ್ದ ಕೋಳಿ ಆಚೆಗೆ ಹಾರಿತು. "ಬಿಸಿ ಆಗುತ್ತೆ ಅಂದ್ರೆ ಶಾಖ ಒಳಗೇ ಉಳೀತಿದೆ ಅಂತ. ಉಳಿಯೋಕೆ ಒಂದು ಕಾರಣ ಇರುತ್ತೆ. ಕಾರಣ ನಾನು ಕಂಡುಹಿಡೀತೀನಿ. ದುಃಖ ಅಂತೆ!"

ಅವರೆಲ್ಲ ಹೋದ ಮೇಲೆ ಅವನು ಕೊಟ್ಟಿಗೆಯಲ್ಲಿ ಪೆಟ್ಟಿಗೆಯೊಂದರ ಮೇಲೆ ಕೂತ. ಕೋಪ ಇಳಿಯಲಿಲ್ಲ. ಅವಳಿದ್ದಾಗ ಕುದಿಯುತ್ತಿರಲಿಲ್ಲ ಎಂಬ ಮಾತು ನಿಜವಾಗಿತ್ತು, ಅದೇ ಅವನನ್ನು ಇನ್ನಷ್ಟು ಕೆರಳಿಸಿತ್ತು. ಒಂದು ಎಂಜಿನ್ನಿನ ಬಗ್ಗೆ ಕೊಸಾರಾ ನಿಜ ಹೇಳುವುದೆಂದರೇನು!

ವಾರದ ಉಳಿದ ದಿನಗಳಲ್ಲಿ ಅವನು ಫ್ಯಾನನ್ನು ಬಿಚ್ಚಿ ಜೋಡಿಸಿದ, ಟೈಮಿಂಗ್ ನೋಡಿದ, ಶಾಖದ ಮೀಟರೇ ಸುಳ್ಳು ಹೇಳುತ್ತಿದೆಯೇ ಎಂದು ಅದನ್ನೂ ಕುದಿಯುವ ನೀರಲ್ಲಿ ಪರೀಕ್ಷಿಸಿದ. ಮೀಟರ್ ಸತ್ಯವನ್ನೇ ಹೇಳುತ್ತಿತ್ತು. ಕೊಸಾರಾಳ ಹಟಕ್ಕೆ ಪಾದ್ರಿಯೂ ಬಂದು ತುಳಸಿಯ ಕಂತೆಯಿಂದ ತೀರ್ಥ ಚಿಮುಕಿಸಿ ದೊರೆಸಾನಿಗೆ ಆಶೀರ್ವಾದ ಮಾಡಿದರು. ಹೋಗುವಾಗ ಮೆಲ್ಲಗೆ, "ರೇಡಿಯೇಟರಿಗೂ ಸ್ವಲ್ಪ ಹಾಕ್ಲಾ ವಿತೋಮಿರ್?" ಎಂದು ಕೇಳಿದರು. ವಿತೋಮಿರ್ ನಗಲಿಲ್ಲ. ಶನಿವಾರ ಗಾಡಿ ಕೊಟ್ಟು ಕಳಿಸುವಾಗ ರಾದಿಸಾವ್‌ಗೆ ಹೇಳಿದ್ದು ಇಷ್ಟೇ: "ಬಿಸಿ ಏರಿದ್ರೆ ಹೀಟರ್ ಪೂರ್ತಿ ಹಾಕು. ಒಳಗಿನ ಶಾಖ ಅಷ್ಟಾದ್ರೂ ಹೊರಗೆ ಬರುತ್ತೆ."

"ಆಗಸ್ಟ್ ತಿಂಗಳಲ್ಲಿ? ಮದುಮಗಳ ಮುಖದ ಬಣ್ಣ ಕುತ್ತಿಗೆಗೆ ಇಳಿಯುತ್ತೆ."

"ಇಳೀಲಿ."

ಭಾನುವಾರ ಬೆಳಗಿನ ಪೂಜೆಗೆ ಹೋಗಿ ವಿತೋಮಿರ್ ಸತ್ತವರಿಗೆಂದು ಇರುವ ಕೆಳಗಿನ ಮರಳಿನ ತಟ್ಟೆಯಲ್ಲಿ ಒಂದು ಮೇಣದಬತ್ತಿ ಹಚ್ಚಿದ. ಹೊರಡುವವನು ತಡೆದು, ಬದುಕಿರುವವರ ಮೇಲಿನ ಸಾಲಿನಲ್ಲಿ ನೇವೆಂಕಾಳ ಹೆಸರಿಗೆ ಇನ್ನೊಂದು ಹಚ್ಚಿದ. ಮನೆಗೆ ಬಂದು ಗೇಟು ಹಾಕಿಕೊಂಡ. ಮದುವೆಯ ಗದ್ದಲ ಇತ್ತ ಕೇಳಬಾರದೆಂದು ಊರು ಕಾಪಾಡಿಕೊಂಡು ಬಂದಿದ್ದರೂ ಆವತ್ತು ಅವನೇ ಬೇಲಿಯ ಬಳಿ ನಿಂತು ಕಿವಿಗೊಟ್ಟಿದ್ದ. ದೂರದಲ್ಲಿ ಹಾರ್ನುಗಳ ಸದ್ದು ಎದ್ದಿತು. ಗಿರಣಿಯ ಕಡೆ ಹೊರಳಿತು. ಅಲ್ಲಿ ನಿಂತಿತು. ಮತ್ತೆ ಏಳಲಿಲ್ಲ.

ವಿತೋಮಿರ್ ಬೇಲಿಯ ಗೂಟಕ್ಕೆ ಹಣೆ ಒತ್ತಿಕೊಂಡ.

ಸ್ವಲ್ಪ ಹೊತ್ತಿಗೆ ಗೇಟು ಬಡಿದ ಸದ್ದಾಯಿತು. ತೆರೆದರೆ ನೇವೆಂಕಾ. ಬಿಳಿಯ ಉಡುಪಿನ ಅಂಚನ್ನು ಎರಡೂ ಕೈಯಲ್ಲಿ ಮೊಣಕಾಲಿನವರೆಗೆ ಎತ್ತಿ ಹಿಡಿದು, ಬೆವರಿ, ಮುಖದ ಬಣ್ಣ ನಿಜವಾಗಿಯೂ ಕುತ್ತಿಗೆಗೆ ಇಳಿದು ನಿಂತಿದ್ದಳು.

"ಹೀಟರ್ ಹಾಕಿದ್ವಿ," ಎಂದಳು.

"ಒಳಗೆ ಬರ್ಬೇಡ ಮಗಳೇ. ಇವತ್ತು ನೀನು ಈ ಹೊಸ್ತಿಲ..."

"ಬಂದಾಯ್ತಲ್ಲ. ಕೂಮ, ನೀನು ಬಾ. ಬಾನೆಟ್ ಎತ್ತೋಕೆ ಅಂತ ಅಮ್ಮ ವಸ್ತ್ರ ಬಿಚ್ಚೋಕೆ ಹೋದ್ಲು, ನಾನು ಬಿಡ್ಲಿಲ್ಲ. ಧರ್ಮತಾಯಿ ಮನೆಯಿಂದ ಬಂದ ವಸ್ತ್ರ, ಮದುವೆ ಮುಗಿಯೋವರೆಗೆ ಇರ್ಬೇಕು. ಬಿಚ್ಚಲೇಬೇಕು ಅಂದ್ರೆ ಆ ಮನೆಯವರೇ ಬಿಚ್ಚಬೇಕು. ಅದಕ್ಕೇ ಬಂದೆ. ಬಾ."

"ಕಪ್ಪಂಗಿ ಹಾಕ್ಕೊಂಡು ದಿಬ್ಬಣದ ಮಧ್ಯೆ..."

"ಹಾಗಾದ್ರೆ ನಾನು ಏರು ನಡ್ಕೊಂಡು ಹತ್ತಲಾ?"

ವಿತೋಮಿರ್ ಕೊಟ್ಟಿಗೆಗೆ ಹೋದ. ಪಾನಾಗಳ ಪೆಟ್ಟಿಗೆ ಎತ್ತಿಕೊಂಡ, ನೀರಿನ ಡಬ್ಬಿ ಹಿಡಿದ, ಅವಳ ಹಿಂದೆ ನಡೆದ.

ಗಿರಣಿಯ ಬಳಿ ದಿಬ್ಬಣದ ಕಾರುಗಳೆಲ್ಲ ಸಾಲಾಗಿ ನಿಂತಿದ್ದವು. ಕಪ್ಪಂಗಿ ಕಂಡ ಕೂಡಲೇ ಜನ ಮಾತು ನಿಲ್ಲಿಸಿ ದಾರಿ ಬಿಟ್ಟರು. ಝಿವೋತಾ ಗಡಬಡಿಸಿ ಅಕಾರ್ಡಿಯನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳಲು ನೋಡಿದ. ಎಲ್ಲರ ಮುಂದೆ ಆವಿಯ ಮೋಡದೊಳಗೆ ನಿಂತಿತ್ತು ದೊರೆಸಾನಿ. ವಿತೋಮಿರ್ ಈ ಬೇಸಿಗೆಯಲ್ಲಿ ಅದನ್ನು ಮದುವೆಯ ಸಿಂಗಾರದಲ್ಲಿ ಕಂಡದ್ದು ಇದೇ ಮೊದಲು.

ಅವನು ನಿಂತಲ್ಲೇ ನಿಂತ.

ಸ್ತಮೇನಾಳ ವಸ್ತ್ರವನ್ನು ಕಾರಿನ ಮುಂಭಾಗದ ಬೆಳ್ಳಿಬಣ್ಣದ ಜಾಲರಿಗೆ ಅಡ್ಡವಾಗಿ, ಎರಡು ಮಡಿಕೆ ಮಾಡಿ, ಒಂದು ಎಳೆ ಗಾಳಿಯೂ ನುಗ್ಗದ ಹಾಗೆ ಬಿಗಿದು ಕಟ್ಟಿದ್ದರು. ಅದರ ಮೇಲೆ ಗುಲಾಬಿ ಮತ್ತು ಹಸಿರೆಲೆಯ ಹಾರ, ಹೋರಿಯ ತಲೆಯಷ್ಟು ದೊಡ್ಡದು. ಜಾಲರಿಯ ಹಿಂದೆಯೇ, ಆ ಗಾಳಿಯಿಂದಲೇ ತಣಿಯಬೇಕಾದ ರೇಡಿಯೇಟರ್. ಅವನು ಒಂದೊಂದೇ ರೆಕ್ಕೆ ನೆಟ್ಟಗೆ ಮಾಡಿದ್ದ ರೇಡಿಯೇಟರ್.

"ಇದನ್ನ ಯಾರು ಕಟ್ಟಿದ್ದು?" ಎಂದ.

"ನಾನೇ," ಎಂದಳು ಕೊಸಾರಾ. "ಈ ವರ್ಷ ಎಲ್ಲ ಮದುವೆಗೂ ನಾನೇ ಕಟ್ಟಿದ್ದು. ಯಾಕೆ, ಚೆನ್ನಾಗಿಲ್ವಾ?"

"ಮೊದಲು?"

"ಮೊದಲು ಸ್ತಮೇನಾನೇ ಅಲ್ವಾ ಕಟ್ತಿದ್ದಿದ್ದು. ಅವಳು ಆ ಪಕ್ಕದ ಕನ್ನಡಿಗೆ, ಬಾಗಿಲ ಹಿಡಿಗೆ ಕಟ್ಟೋಳು. ಮುಂದುಗಡೆ ಕಟ್ಟೇ, ಎದ್ದು ಕಾಣುತ್ತೆ ಅಂತ ಎಷ್ಟು ಸಲ ಹೇಳಿದ್ದೆ! ಅವಳು ಕೇಳ್ತಾನೇ ಇರ್ಲಿಲ್ಲ. ಅದರ ಮೂಗು ಮುಚ್ಚಬಾರದು ಅನ್ನೋಳು. ಏನೋ ಅವಳ ತವರಿನ ಕಡೆ ಶಾಸ್ತ್ರ ಇರ್ಬೇಕು ಅಂದ್ಕೊಂಡು ನಾನು ಸುಮ್ಮನಾಗ್ತಿದ್ದೆ."

ಶಾಸ್ತ್ರವಲ್ಲ. ದೊರೆಸಾನಿ ಮೊದಲ ಸಲ ಅವನ ಅಂಗಳಕ್ಕೆ ಬಂದ ಕಾಲ. ಅವನು ಎಂಜಿನ್ ಓಡಲು ಬಿಟ್ಟು ಏನೋ ಸರಿಮಾಡುತ್ತಿದ್ದಾಗ ಸ್ತಮೇನಾ ಆಗಷ್ಟೇ ಒಗೆದ ಉಣ್ಣೆಯ ಜಮಖಾನವನ್ನು ಒಣಗಲೆಂದು ಕಾರಿನ ಮುಂದುಗಡೆ ಹರವಿದ್ದಳು. "ಅದರ ಮೂಗು ಮುಚ್ಚಬೇಡ್ವೇ! ಉಸಿರು ಕಟ್ಟುತ್ತೆ ಅದಕ್ಕೆ!" ಎಂದು ಅವನು ಕೂಗಿದ್ದ. ಅವಳು ಎದುರು ಮಾತಾಡದೆ ಜಮಖಾನ ತೆಗೆದುಕೊಂಡು ಹೋಗಿದ್ದಳು. ರಾತ್ರಿಯ ಊಟಕ್ಕೆ ಕೂರುವ ಹೊತ್ತಿಗೆ ಅವನು ಅದನ್ನು ಮರೆತಿದ್ದ. ಅವಳು ಮರೆತಿರಲಿಲ್ಲ. ಅಷ್ಟು ಮದುವೆಗಳಲ್ಲಿ, ಬೆಳಗಿನ ಚಳಿಯಲ್ಲಿ ನಿಂತು, ಕೊಸಾರಾಳ ಜೊತೆ ವಾದಿಸಿಕೊಂಡು ಅವನ ಮಾತನ್ನು ಕಾಯ್ದುಕೊಂಡು ಬಂದಿದ್ದಳು.

ಅವನಿಗೆ ಯಾರ ಮೇಲೆ ಕೋಪ ಮಾಡಬೇಕೆಂದು ತಿಳಿಯಲಿಲ್ಲ. ಹಾಗಾಗಿ ಎಲ್ಲರ ಮೇಲೂ ಮಾಡಿದ.

"ಪಂಪು ಬದಲಾಯಿಸ್ದೆ! ಮುಚ್ಚಳ ಬದಲಾಯಿಸ್ದೆ! ಥರ್ಮೋಸ್ಟಾಟನ್ನ ಹುರುಳಿಕಾಯಿ ಥರ ಬೇಯಿಸ್ದೆ! ಒಬ್ರಾದ್ರೂ, ನಿಮ್ಮಲ್ಲಿ ಒಬ್ರಾದ್ರೂ ನನಗೆ ಹೇಳ್ಬಾರ್ದಾ, ಅದರ ಬಾಯಿಗೆ ಬಟ್ಟೆ ತುರುಕ್ತೀವಿ ಅಂತ?"

"ಏನೇನು ಮಾಡ್ತೀಯ ಅಂತ ನೀನು ಕೇಳ್ದೆ," ಎಂದ ರಾದಿಸಾವ್. ಅವನ ದನಿ ಸಣ್ಣದಾಗಿತ್ತು. "ನಾನು ಮಾಡೋದನ್ನ ಹೇಳ್ದೆ. ಕಟ್ಟೋದು ನಾನಲ್ವಲ್ಲ. ಮತ್ತೆ ನಿನ್ನ ಮುಂದೆ ಹೂವಿನ ಮಾತು ಯಾಕೆ ಎತ್ತೋದು ಅಂತ..."

"ತರೋ ಮೊದಲು ಬಿಚ್ಚಿ ತೊಳೀತಿದ್ದೆ ಅಲ್ವಾ?"

"ಮರ್ಯಾದೆಗೆ ಕೂಮ."

ಆ ಮರ್ಯಾದೆಗೆ ವಿತೋಮಿರ್ ಬೈಯುವ ಹಾಗಿರಲಿಲ್ಲ. ಬಾಗಿ ಹಾರವನ್ನು ಕಿತ್ತು ಕೊಸಾರಾಳ ಕೈಗೆ ತುರುಕಿದ. ಗಂಟು ಬಿಚ್ಚಿ ವಸ್ತ್ರವನ್ನು ಎಳೆದುಕೊಂಡ. ಅದು ಬಿಸಿಯಾಗಿ, ಒದ್ದೆಯಾಗಿ, ಒಂದು ಮೂಲೆಯಲ್ಲಿ ತುಕ್ಕಿನ ಕಲೆ ಹಿಡಿದು, ಸೇಬಿನ ಘಮದ ಸೋಪು ಮತ್ತು ಎಂಜಿನ್ನಿನ ವಾಸನೆ ಬೀರುತ್ತಿತ್ತು. ಅದನ್ನು ಹೆಗಲ ಮೇಲೆ ಹಾಕಿಕೊಂಡದ್ದು ಕೈ ಖಾಲಿಯಾಗಲೆಂದು ಮಾತ್ರ. ಮದುವೆಯ ನೆಂಟನ ಹಾಗೆ ಕಾಣುತ್ತಿದ್ದೇನೆಂದು ಅವನಿಗೆ ಗೊತ್ತಾಗಲಿಲ್ಲ. ಉಳಿದವರಿಗೆ ಗೊತ್ತಾಯಿತು.

"ಮುಚ್ಚಳ ತೆಗೀಲಾ?" ಎಂದು ರಾದಿಸಾವ್ ಮುಂದೆ ಬಂದ.

"ಮುಟ್ಟಿದ್ರೆ ಕೈ ಮುರೀತೀನಿ! ಮುಖ ಬೇಯಿಸ್ಕೋಬೇಕಾ? ಆರ್ಲಿ ಬಿಡು."

ಕಾಯಬೇಕಾಯಿತು. ಮದುಮಗಳು ಗಿರಣಿಯ ಕಟ್ಟೆಯ ಮೇಲೆ ಕೂತಳು. ದಿಬ್ಬಣದಲ್ಲಿ ಬಾಟಲಿ ಸುತ್ತಿತು, ಆದರೆ ಮೆಲ್ಲಗೆ. ಪಾದ್ರಿ ಮೇಲೆ ಕಾಯುತ್ತಿದ್ದಾರೆಂದು ಯಾರೋ ಹೇಳಿದರು. "ಅವರಿಗೆ ಕಾಯೋದು ಅಭ್ಯಾಸ," ಎಂದ ವಿತೋಮಿರ್. ಬಟ್ಟೆಯಿಂದ ಹಿಡಿದು ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ಎಂಜಿನ್ ಚಾಲೂ ಮಾಡಿಸಿ, ಕೂಸಿಗೆ ಹಾಲು ಹಾಕುವ ಹಾಗೆ ತಡೆ ತಡೆದು ನೀರು ಹಾಕಿದ. ದೊರೆಸಾನಿ ಉಸಿರೆಳೆದುಕೊಂಡಿತು. ಮುಳ್ಳು ಇಳಿಯತೊಡಗಿತು.

"ನೀನೇ ಓಡಿಸು," ಎಂದಳು ನೇವೆಂಕಾ.

"ಅದೊಂದು ಆಗಲ್ಲ ಮಗಳೇ."

"ಅಪ್ಪ ಹೆದರಿದ್ದಾನೆ. ಕುಡಿದೂ ಇದ್ದಾನೆ."

ಎರಡೂ ನಿಜವಾಗಿತ್ತು. ರಾದಿಸಾವ್ ಡ್ರೈವರ್ ಸೀಟಿನ ಬಾಗಿಲು ತೆರೆದು ಹಿಡಿದ. ವಿತೋಮಿರ್ ಯಾರ ಮುಖವನ್ನೂ ನೋಡದೆ ಸೀಟಿಗೆ ಏರಿದ. "ನಾನು ನೆಂಟ ಅಲ್ಲ. ಡ್ರೈವರ್," ಎಂದ.

ದೊರೆಸಾನಿ ಏರು ಹಿಡಿಯಿತು. ಹಿಂದೆ ನೇವೆಂಕಾ, ಅವಳ ಪಕ್ಕ ತೊಡೆಯ ಮೇಲೆ ದೊಡ್ಡ ಹಾರ ಹೊತ್ತ ಕೊಸಾರಾ. ಮುಂದೆ ಝಿವೋತಾ, ಅಕಾರ್ಡಿಯನ್ ಮುಚ್ಚಿಕೊಂಡು, ರಸ್ತೆ ನೋಡುತ್ತ. ರಾದಿಸಾವ್ ಹಿಂದಿನ ಕಾರಿಗೆ ಹತ್ತಿದ್ದ. ಮೊದಲ ತಿರುವು ಕಳೆಯಿತು. ಮುಳ್ಳು ಇದ್ದಲ್ಲೇ ಇತ್ತು. ಎರಡನೆಯದು ಕಳೆಯಿತು.

"ಏನಯ್ಯಾ ಇದು," ಎಂದ ವಿತೋಮಿರ್ ಕೊನೆಗೆ, ಮುಳ್ಳಿನಿಂದ ಕಣ್ಣು ತೆಗೆಯದೆ. "ಹುಡುಗಿ ಮದುವೆಗೆ ಹೋಗ್ತಿದ್ದಾಳೋ, ಯಾರನ್ನಾದ್ರೂ ಮಣ್ಣು ಮಾಡೋಕೆ ಹೋಗ್ತಿದ್ದೀವೋ? ಬಾರಿಸು."

ಝಿವೋತಾ ಅವನ ಕಪ್ಪು ಅಂಗಿಯನ್ನು ನೋಡಿದ.

"ಬಾರಿಸೋ ಅಂದ್ರೆ! ಅವಳಿದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು."

ಅಕಾರ್ಡಿಯನ್ ಬಿಚ್ಚಿಕೊಂಡಿತು. ಹಿಂದಿನ ಕಾರುಗಳಿಗೂ ಧೈರ್ಯ ಬಂದು ಹಾರ್ನುಗಳು ಎದ್ದವು. ಚರ್ಚಿನ ಅಂಗಳದಲ್ಲಿ ಮದುಮಗನ ಕಡೆಯವರೆಲ್ಲ ನೋಡುತ್ತಿರುವಾಗ ದೊರೆಸಾನಿ, ಒಂದು ಎಳೆ ಆವಿಯಿಲ್ಲದೆ, ಕಲ್ಲಿನ ಮೆಟ್ಟಿಲ ಬುಡಕ್ಕೇ ಹೋಗಿ ನಿಂತಿತು. ನೇವೆಂಕಾ ಇಳಿದಳು. ಚಪ್ಪಲಿ ಕಾಲಲ್ಲೇ ಇತ್ತು. ಅವಳು ಅವನ ಕಿಟಕಿಗೆ ಬಗ್ಗಿ ಹೆಗಲ ಮೇಲಿದ್ದ ವಸ್ತ್ರ ತೆಗೆದುಕೊಂಡು, "ಇದನ್ನ ಅವಳು ಕಟ್ತಿದ್ದ ಜಾಗದಲ್ಲೇ ಕಟ್ಟಿಡು ಕೂಮ. ನಾನು ಬರೋ ಹೊತ್ತಿಗೆ ಇರ್ಬೇಕು," ಎಂದು ಅವನ ಕೈಗಿತ್ತು ಒಳಗೆ ಹೋದಳು.

ವಿತೋಮಿರ್ ಒಳಗೆ ಹೋಗಲಿಲ್ಲ. ಅವನ ವರ್ಷ ಇನ್ನೂ ತುಂಬಿರಲಿಲ್ಲ. ಹಾಡು, ಪ್ರಾರ್ಥನೆ ಬಾಗಿಲಿನಿಂದ ಕೇಳುತ್ತಿತ್ತು. ಅವನು ಬಾನೆಟ್ ಎತ್ತಿ ನೋಡಿದ; ನೋಡುವಂಥದ್ದು ಏನೂ ಇರಲಿಲ್ಲ. ಮುಚ್ಚಿದ. ಆಮೇಲೆ ವಸ್ತ್ರವನ್ನು ಪಕ್ಕದ ಕನ್ನಡಿಗೆ ಸುತ್ತಿ ಗಂಟು ಹಾಕಿದ. ಜಾರಿತು. ಬಿಚ್ಚಿ ಇನ್ನೊಂದು ಬಗೆಯಲ್ಲಿ ಹಾಕಿದ. ಅದೂ ಜಾರಿತು. ಬೋಲ್ಟು ಬಿಗಿಯುವವನ ಹಾಗೆ ಹಲ್ಲು ಕಚ್ಚಿ ಎಳೆದ. ಕನ್ನಡಿಯೇ ತಿರುಗಿತು, ಗಂಟು ಮಾತ್ರ ನಿಲ್ಲಲಿಲ್ಲ.

ಚರ್ಚಿನ ಗೋಡೆಯಾಚೆ ಸ್ಮಶಾನ. ಅಲ್ಲಿ ಪ್ಲಮ್ ಗಿಡದ ಕೆಳಗೆ ಅವಳಿದ್ದಳು.

"ಮೂಗು ಮುಚ್ಚಬಾರದು ಅಂತ ನೀನು ಊರಿಗೆಲ್ಲ ಹೇಳ್ದೆ," ಎಂದು ಅವನು ಆ ಕಡೆ ತಿರುಗಿ ಗೊಣಗಿದ. "ಈ ಹಾಳು ಗಂಟು ಹಾಕೋದು ಹೇಗೆ ಅಂತ ನಂಗೊಬ್ಬನಿಗಾದ್ರೂ ಹೇಳಿ ಹೋಗ್ಬಾರ್ದಿತ್ತೇನೇ?"

ಗಂಟೆ ಬಾರಿಸತೊಡಗಿತು. ಇನ್ನೇನು ಅವರು ಹೊರಗೆ ಬರುತ್ತಾರೆ. ವಿತೋಮಿರ್ ಗಂಟಿನ ಆಸೆ ಬಿಟ್ಟು, ವಸ್ತ್ರವನ್ನು ಕನ್ನಡಿಯ ಮೇಲೆ ನೀಟಾಗಿ ಇಳಿಬಿಟ್ಟು, ತುಕ್ಕಿನ ಕಲೆ ಕಾಣದ ಹಾಗೆ ಮಡಿಸಿ, ಜಾರದಂತೆ ಅದರ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತ.